ಟೀನಾ ಟರ್ನರ್: ಯಾವ ರೆಕಾರ್ಡ್, ಯಾವ ವರ್ಷನ್, ಎಲ್ಲಿಂದ ಶುರು ಮಾಡೋದು?

ಹೊಸಕೇಳುಗ:
"ದಿ ಬೆಸ್ಟ್", "ವಾಟ್ಸ್ ಲವ್ ಗಾಟ್ ಟು ಡು ವಿತ್ ಇಟ್" ಬಿಟ್ಟರೆ ಟೀನಾ ಟರ್ನರ್ ಹಾಡುಗಳು ನನಗೆ ಅಷ್ಟಾಗಿ ಗೊತ್ತಿಲ್ಲ. ಆಪ್‌ನಲ್ಲಿ "ಐಕ್ ಅಂಡ್ ಟೀನಾ ಟರ್ನರ್" ಅಂತ ಹುಡುಕಿದರೆ ಒಂದೇ ಹಾಡು ಏಳೆಂಟು ಕಡೆ ಬರುತ್ತೆ, ಒಂದಕ್ಕೊಂದು ಹೋಲಿಕೆಯೇ ಇಲ್ಲ. ಅಸಲಿ ಯಾವುದು? ಎಲ್ಲಿಂದ ಶುರು ಮಾಡಲಿ? ಕೆಲವರು ಸೋಲ್ ಗಾಯಕಿ ಅಂತಾರೆ, ಕೆಲವರು ರಾಕ್ ರಾಣಿ ಅಂತಾರೆ. ಯಾವುದು ಸರಿ?

ಹಳೇತಟ್ಟೆ:
ಮೊದಲು ಗೊಂದಲದ ಮೂಲ ಹೇಳಿಬಿಡ್ತೀನಿ. ಟೀನಾಳ ಮೊದಲ ಗಂಡ, ತಂಡದ ನಾಯಕ ಐಕ್ ಟರ್ನರ್ ಯಾವ ರೆಕಾರ್ಡ್ ಕಂಪನಿಯ ಜೊತೆಗೂ ಬಹಳ ದಿನ ನಿಂತವನಲ್ಲ. ಮುಂಗಡ ಯಾರು ಕೊಡ್ತಾರೋ ಅವರ ಹತ್ತಿರ ಹೋದ. 1960ರಲ್ಲಿ ಸ್ಯೂ, ಆಮೇಲೆ ಕೆಂಟ್, ಮಾಡರ್ನ್, ವಾರ್ನರ್‌ನವರ ಲೋಮಾ, 1966ರಲ್ಲಿ ಫಿಲೀಸ್, 1969ರಲ್ಲಿ ಬ್ಲೂ ಥಂಬ್ ಮತ್ತು ಮಿನಿಟ್, ಅಲ್ಲಿಂದ ಲಿಬರ್ಟಿ, ಕಡೆಗೆ ಯುನೈಟೆಡ್ ಆರ್ಟಿಸ್ಟ್ಸ್. ಹೀಗಾಗಿ ಮಾಸ್ಟರ್ ಟೇಪುಗಳು (ಮೂಲ ಧ್ವನಿಮುದ್ರಣಗಳು) ಹತ್ತು ಜನರ ಕೈಗೆ ಹಂಚಿಹೋದವು. ಜೊತೆಗೆ ಹಳೇ ಹಿಟ್‌ಗಳನ್ನ ಹೊಸ ಕಂಪನಿಗೆ ಮತ್ತೆ ಹಾಡಿಸಿ ಕೊಟ್ಟದ್ದೂ ಇದೆ, ಲೈವ್ ಆಲ್ಬಮ್‌ಗಳೂ ಇವೆ. ಇವೆಲ್ಲ ಅಗ್ಗದ ಸಂಕಲನಗಳಲ್ಲಿ ಗುರುತೇ ಸಿಗದ ಹಾಗೆ ಬೆರೆತುಹೋಗಿವೆ.

"ಎ ಫೂಲ್ ಇನ್ ಲವ್" ತಗೊಳ್ಳಿ. 1960ರ ಸ್ಯೂ ಮೂಲ ಒಂದು, 1966ರ "ರಿವರ್ ಡೀಪ್ – ಮೌಂಟನ್ ಹೈ" ಎಲ್‌ಪಿಗೆ ಮತ್ತೆ ಹಾಡಿದ್ದು ಇನ್ನೊಂದು, ಲೈವ್ ಬೇರೆ. ಆಪ್ ತೋರಿಸುವ ಇಸವಿ ನಂಬಬೇಡಿ, ಅದು ಸಂಕಲನ ಹೊರಬಂದ ವರ್ಷ. ಕಿವಿಯಿಂದಲೇ ಹಿಡೀಬೇಕು. ಅಸಲಿ ಮೋನೋದಲ್ಲಿದೆ (ಎಡ–ಬಲ ಎರಡೂ ಕಡೆ ಒಂದೇ ಸದ್ದು), ಒಣಒಣ ಸದ್ದು, ಪ್ರತಿಧ್ವನಿ ಬಹಳ ಕಮ್ಮಿ, ಹಿಂದಿನ ಹುಡುಗಿಯರ ಉತ್ತರ ಮೈಕಿಗೆ ತೀರ ಹತ್ತಿರ. ಎಡಕ್ಕೆ ಡ್ರಮ್, ಬಲಕ್ಕೆ ಕೊಂಬುವಾದ್ಯ ಅಂತ ಬೇರೆ ಬೇರೆ ಕೇಳಿದರೆ ಅದು 1960ರದ್ದಲ್ಲ.

ಆ ಹಾಡು ಟೀನಾಗೆ ಬರೆದದ್ದೂ ಅಲ್ಲ. ಆರ್ಟ್ ಲ್ಯಾಸಿಟರ್ ಅನ್ನೋ ಗಾಯಕನಿಗೆ ಐಕ್ ಬರೆದದ್ದು. ಸೇಂಟ್ ಲೂಯಿಸ್‌ನ ಸ್ಟುಡಿಯೋ ಬುಕ್ ಆಗಿತ್ತು, ಆತ ಬರಲಿಲ್ಲ. ಗುರುತಿಗೆ ಅಂತ ಅವಳ ದನಿ ಹಾಕಿ, ಆಮೇಲೆ ಅಳಿಸಿ ಲ್ಯಾಸಿಟರ್ ದನಿ ಸೇರಿಸೋದು ಲೆಕ್ಕಾಚಾರ. ಟೇಪು ನ್ಯೂಯಾರ್ಕಿನ ಸ್ಯೂ ಕಂಪನಿಯ ಜಗ್ಗಿ ಮರ್ರಿ ಕೈಗೆ ಹೋಯಿತು. ದನಿ ಮುಟ್ಟಬೇಡ, ಈ ಹುಡುಗಿಯನ್ನೇ ಮುಂದಿಡು ಅಂದವನು ಅವನು. ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಪಟ್ಟಿಯಲ್ಲಿ 2, ಪಾಪ್ ಪಟ್ಟಿಯಲ್ಲಿ 27. ಮುಂದಿನ ವರ್ಷ "ಇಟ್ಸ್ ಗೊನ್ನಾ ವರ್ಕ್ ಔಟ್ ಫೈನ್" ಪಾಪ್‌ನಲ್ಲಿ 14. ಅದರಲ್ಲಿ ಮಾತಾಡುವ ಗಂಡುದನಿ ಐಕ್‌ನದ್ದು ಅಂತ ಎಲ್ಲರೂ ಅಂದುಕೊಂಡಿರ್ತಾರೆ. ಅದು ಗಿಟಾರಿಸ್ಟ್ ಮಿಕಿ ಬೇಕರ್‌ದು.

ವೀಣಾಪುಸ್ತಕ:
ಹೆಸರಿನ ಕಥೆಯೂ ಇಲ್ಲೇ ಬರಬೇಕು. ಹುಟ್ಟುಹೆಸರು ಆನಾ ಮೇ ಬುಲಕ್, 26 ನವೆಂಬರ್ 1939, ಟೆನೆಸಿಯ ಬ್ರೌನ್ಸ್‌ವಿಲ್. ಬೆಳೆದದ್ದು ಪಕ್ಕದ ನಟ್‌ಬುಷ್‌ನಲ್ಲಿ, ಸುತ್ತ ಹತ್ತಿ ಹೊಲ. ಹಾಡಿದ್ದು ಬ್ಯಾಪ್ಟಿಸ್ಟ್ ಚರ್ಚಿನ ಮೇಳದಲ್ಲಿ. 1958ರ ಮೊದಲ ರೆಕಾರ್ಡ್ "ಬಾಕ್ಸ್‌ಟಾಪ್" ಮೇಲೆ ಇರೋದು "ಲಿಟ್ಲ್ ಆನ್" ಅಂತ. "ಟೀನಾ ಟರ್ನರ್" ಅಂತ ಇಟ್ಟದ್ದು 1960ರಲ್ಲಿ ಐಕ್, ಕಾಡಿನ ರಾಣಿ "ಶೀನಾ" ಪಾತ್ರದ ಹೆಸರಿಗೆ ಪ್ರಾಸ ಹೊಂದಿಸಿ. ಆಗಿನ್ನೂ ಅವರಿಬ್ಬರ ಮದುವೆ ಆಗಿರಲಿಲ್ಲ. ಆ ಹೆಸರನ್ನ ಟ್ರೇಡ್‌ಮಾರ್ಕ್ ಮಾಡಿಸಿಕೊಂಡ. ಇವಳು ಬಿಟ್ಟುಹೋದರೆ ಇನ್ನೊಬ್ಬಳನ್ನ ತಂದು ಟೀನಾ ಅಂತ ನಿಲ್ಲಿಸಬಹುದಲ್ಲ! ಇದು ನೆನಪಿರಲಿ, 1978ರ ವಿಚ್ಛೇದನಕ್ಕೆ ಬಂದಾಗ ಬೇಕಾಗುತ್ತೆ.

ಬಾಸ್_ಬಸು:
"ರಿವರ್ ಡೀಪ್" ಬಗ್ಗೆ ನಾ ಹೇಳ್ತೀನ್ರಿ. 1966, ಲಾಸ್ ಏಂಜಲಿಸ್‌ನ ಗೋಲ್ಡ್ ಸ್ಟಾರ್ ಸ್ಟುಡಿಯೋ, ನಿರ್ಮಾಪಕ ಫಿಲ್ ಸ್ಪೆಕ್ಟರ್. ಐಕ್ ಸ್ಟುಡಿಯೋ ಕಡೆ ತಲಿ ಹಾಕಬಾರದು ಅಂತ ಅವಗ 20,000 ಡಾಲರ್ ಕೊಟ್ಟು ದೂರ ಇಟ್ಟಿದ್ರು. ರೆಕಾರ್ಡಿನ ಮ್ಯಾಲೆ ಹೆಸರು ಮಾತ್ರ ಇಬ್ಬರದೂ ಐತಿ.

ಆ ಸದ್ದು ಹೆಂಗ ಬಂತು? ಸಣ್ಣ ಖೋಲಿ, ಅದರಾಗ ಇಪ್ಪತ್ತಕ್ಕೂ ಹೆಚ್ಚು ವಾದ್ಯಗಾರರು. ಒಂದ ಗಿಟಾರ್ ಅಲ್ಲ, ಮೂರು ನಾಲ್ಕು ಗಿಟಾರ್ ಕೂಡೇ ಅದ ಕಾರ್ಡ್ ಬಾರಿಸ್ತಾವ. ಪಿಯಾನೋನೂ ಹಂಗ, ಬಾಸೂ ಹಂಗ. ಒಬ್ಬರ ಮೈಕಿನಾಗ ಇನ್ನೊಬ್ಬರ ಸದ್ದು ಸೋರತೈತಿ. ಬ್ಯಾರೆ ಸ್ಟುಡಿಯೋದಾಗ ಅದು ದೋಷ, ಇಲ್ಲಿ ಅದ ಬೇಕಾಗಿತ್ತು. ಆ ಎಲ್ಲಾ ಸದ್ದನ್ನ ಸಿಮೆಂಟ್ ಗಿಲಾವ್ ಮಾಡಿದ ಇನ್ನೊಂದು ಖಾಲಿ ಖೋಲಿಗೆ ಸ್ಪೀಕರಿಂದ ಬಿಟ್ಟು, ಅಲ್ಲಿ ಇಟ್ಟ ಮೈಕಿಂದ ವಾಪಸ್ ತಗೊಂಡ್ರ ಪ್ರತಿಧ್ವನಿ ಸಿಗತಿತ್ತು. ಇದ್ದ ಟ್ರ್ಯಾಕ್ ಬಾಳ ಕಡಿಮಿ. ವಾದ್ಯ ಎಲ್ಲಾ ಒಂದರಾಗ ಅಂಟಿಕೊಂಡಮ್ಯಾಲೆ ಅವನ್ನ ಬಿಡಿಸಾಕ ಬರಂಗಿಲ್ಲ. ಅದಕ್ಕ ಹೇಳ್ತೀನಿ, ಇದನ್ನ ಮೋನೋದಾಗ ಕೇಳ್ರಿ. ಸ್ಟೀರಿಯೋ ಅಂತ ಮಾರೋದ್ರಾಗ ಆ ಸದ್ದಿನ ಗೋಡಿ ಎರಡು ಹೋಳಾಗಿ ನಡುವ ತೂತು ಬಿದ್ದಂಗ ಕೇಳಸ್ತದ.

ಟೀನಾಗ ಸ್ಪೆಕ್ಟರ್ ಹೇಳಿದ್ದು ಅಲಂಕಾರ ಬಿಡು, ಬರೇ ರಾಗ ಹಾಡು ಅಂತ. ಐಕ್ ಕೂಡ ಇದ್ದಾಗ ಚೀರೋದ ಕೆಲಸ ಆಗಿತ್ತು. ಇಲ್ಲಿ ತಾಸುಗಟ್ಟಲೆ ಅದ ಸಾಲು ಮತ್ತ ಮತ್ತ ಹಾಡಿ ಬೆವರಿನಾಗ ತೊಯ್ದಹೋದ್ಲು. ಖರ್ಚು ಸುಮಾರು 22,000 ಡಾಲರ್ ಅಂತಾರ. ಅವಾಗಿನ ಕಾಲಕ್ಕ ಒಂದ ಸಿಂಗಲ್‌ಗೆ ಅದು ಹುಚ್ಚು ರೊಕ್ಕ.

ಬಂದ ಫಲ? ಇಂಗ್ಲೆಂಡಿನಾಗ 3, ಅಮೆರಿಕಾದಾಗ 88.

ಹೊಸಕೇಳುಗ:
88? ಅಷ್ಟು ಒಳ್ಳೇ ಹಾಡಿಗೆ? ಯಾಕೆ?

ವೀಣಾಪುಸ್ತಕ:
ರೇಡಿಯೋ ಆಡಳಿತ. ಆಗ ಅಮೆರಿಕದ ಸ್ಟೇಷನ್‌ಗಳು ಕರಿಯರ ಆರ್ ಅಂಡ್ ಬಿ, ಬಿಳಿಯರ ಪಾಪ್ ಅಂತ ಪಕ್ಕಾ ಎರಡು ಪಾಲು. ಕರಿಯರ ಸ್ಟೇಷನ್‌ಗೆ ಇದು ಬಿಳಿಯರ ಹಾಡಿನ ಹಾಗೆ, ಬಿಳಿಯರ ಸ್ಟೇಷನ್‌ಗೆ ಇದು ಕರಿಯರ ಹಾಡಿನ ಹಾಗೆ ಕೇಳಿಸಿತು ಅನ್ನೋದು ಐಕ್ ಕೊಟ್ಟ ವಿವರಣೆ. ಸ್ಪೆಕ್ಟರ್‌ಗೆ ಉದ್ಯಮದಲ್ಲಿ ಶತ್ರುಗಳೂ ಕಮ್ಮಿ ಇರಲಿಲ್ಲ. ಮನಸ್ಸು ಮುರಿದು ಒಂದೆರಡು ವರ್ಷ ಕೆಲಸದಿಂದಲೇ ದೂರ ಸರಿದ. ಎಲ್‌ಪಿ ಬ್ರಿಟನ್‌ನಲ್ಲಿ 1966ರಲ್ಲೇ ಬಂತು. ಅಮೆರಿಕದ ಅಂಗಡಿಗೆ ಬಂದದ್ದು 1969ರಲ್ಲಿ, ಎ ಅಂಡ್ ಎಂ ಲೇಬಲ್ ಮೇಲೆ.

ನಿಮ್ಮ ಸೋಲ್–ರಾಕ್ ಪ್ರಶ್ನೆಗೂ ಉತ್ತರ ಇದೇ ಜಾಗದಲ್ಲಿದೆ. ಆ ಸಿಂಗಲ್‌ನಿಂದಾಗಿ 1966ರ ಶರತ್ಕಾಲದಲ್ಲಿ ರೋಲಿಂಗ್ ಸ್ಟೋನ್ಸ್ ಜೊತೆ ಬ್ರಿಟನ್ ಪ್ರವಾಸ, 1969ರಲ್ಲಿ ಅವರ ಜೊತೆಗೇ ಅಮೆರಿಕ ಪ್ರವಾಸ. ತಾಯ್ನಾಡಿನ ರೇಡಿಯೋ ಯಾವ ಡಬ್ಬಿಗೂ ಹಾಕದ ಗಾಯಕಿಯನ್ನ ಬ್ರಿಟನ್‌ನ ರಾಕ್ ಕೇಳುಗರು ಎತ್ತಿಕೊಂಡರು.

ಶಿವಮೊಗ್ಗ_ಸುಬ್ಬು:
ಎಲ್ಲಾ ಸರಿ, ಆದರೆ ಐಕ್ ಇಲ್ಲದಿದ್ದರೆ ಟೀನಾ ಇರ್ತಿರಲಿಲ್ಲ ಅನ್ನೋದನ್ನ ಒಪ್ಪಬೇಕು. "ರಾಕೆಟ್ 88" ಅನ್ನೋ ಹಾಡು ಮಾಡಿದ್ದೇ ಅವನ ತಂಡ. 1951, ಮೆಂಫಿಸ್, ಸ್ಯಾಮ್ ಫಿಲಿಪ್ಸ್ ಸ್ಟುಡಿಯೋ. ದಾರಿಯಲ್ಲಿ ಗಿಟಾರ್ ಆಂಪ್ಲಿಫೈಯರ್ ಬಿದ್ದು ಸ್ಪೀಕರ್ ಕೋನ್ ಹರಿದಿತ್ತು, ಒಳಗೆ ಕಾಗದ ತುರುಕಿ ಬಾರಿಸಿದರು. ಆ ಒಡಕು ಸದ್ದನ್ನೇ ಆಮೇಲೆ ಜಗತ್ತು ಡಿಸ್ಟಾರ್ಷನ್ ಅಂತ ಕೊಂಡಾಡಿತು. ರೆಕಾರ್ಡ್ ಮೇಲೆ ಹೆಸರು ಬಂದದ್ದು ಹಾಡಿದ ಸ್ಯಾಕ್ಸ್ ವಾದಕ ಜಾಕಿ ಬ್ರೆನ್ಸ್‌ಟನ್‌ದು. ಮುಂದೆ ಎಲ್ಲಾ ಹೆಸರು, ಎಲ್ಲಾ ಒಪ್ಪಂದ ತನ್ನ ಮುಷ್ಟಿಯಲ್ಲೇ ಇರಬೇಕು ಅಂತ ಹಟ ಹಿಡಿದದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ಓಕ್ಲಂಡ್_ಉಮಾ:
ಸುಬ್ಬು ಅವರೇ, ಅವನ ಕಿವಿ ಚುರುಕು, ತಂಡ ಕಟ್ಟೋದು ಗೊತ್ತಿತ್ತು, ಒಪ್ಪಿದೆ. ಆದರೆ ವರ್ಷಗಟ್ಟಲೆ ಹೊಡೆತ ತಿಂದವಳ ಕಥೆಯಲ್ಲಿ "ಅವನಿಲ್ಲದಿದ್ದರೆ" ಅನ್ನೋ ಮಾತು ಬಹಳ ಸಲ ಬಂದಾಗಿದೆ. "ಎ ಫೂಲ್ ಇನ್ ಲವ್"ನಲ್ಲಿ ಅವಳ ದನಿ ಉಳಿಸಿದ್ದು ಜಗ್ಗಿ ಮರ್ರಿ. ಐಕ್ ಅಳಿಸೋಕೆ ಹೊರಟಿದ್ದ. "ನಟ್‌ಬುಷ್ ಸಿಟಿ ಲಿಮಿಟ್ಸ್" (1973, ಅಮೆರಿಕದಲ್ಲಿ 22, ಬ್ರಿಟನ್‌ನಲ್ಲಿ 4) ಬರೆದದ್ದು ಅವಳೇ. 1970ರ ಹೊತ್ತಿಗೆ ಸ್ಟೋನ್ಸ್, ಬೀಟಲ್ಸ್, ಸ್ಲೈ ಸ್ಟೋನ್ ಹಾಡುಗಳನ್ನ ತಂಡದೊಳಗೆ ತರಬೇಕು ಅಂತ ಒತ್ತಾಯಿಸಿದವಳೂ ಅವಳೇ.

ಬಾಸ್_ಬಸು:
ಜಗಳ ಸಾಕ್ರಿ, "ಪ್ರೌಡ್ ಮೇರಿ" ಕಡೆ ಬರೋಣ. ಹಾಡು ಕ್ರೀಡೆನ್ಸ್ ಅನ್ನೋ ರಾಕ್ ತಂಡದ ಜಾನ್ ಫೋಗರ್ಟಿದು, 1969. ಇವರದ್ದು 1971ರಾಗ ಸಿಂಗಲ್ ಆತು, ಪಾಪ್ ಪಟ್ಟಿನಾಗ 4, ಗ್ರ್ಯಾಮಿನೂ ಬಂತು. ಜೋಡಿಸೋದ್ರಾಗ ಡ್ರಮ್ಮರ್ ಸೋಕೋ ರಿಚರ್ಡ್ಸನ್ ಕೈ ದೊಡ್ಡದು. ಆ ಸಿಂಗಲ್‌ನ ಹಿಂದಿನ ಬದಿ ಹಾಡು ಬರದಾಕಿ ಟೀನಾನ ಅಕ್ಕ ಅಲೀನ್ ಬುಲಕ್.

ಕವರ್ ಬ್ಯಾಂಡಿನವರು (ಬ್ಯಾರೆಯವರ ಹಾಡು ಬಾರಿಸೋರು) ಇದನ್ನ ಬಾರಿಸಿ ಕೆಡಸೋದು ನಾಕ ಕಡೆ:

ಒಂದು, ನಿಧಾನ ಭಾಗಕ್ಕ ತಾಳ್ಮಿ ಇರಂಗಿಲ್ಲ. ಅರ್ಧ ನಿಮಿಷದಾಗ ಮುಗಿಸಿ ಜಿಗೀತಾರ. ಮೂಲದಾಗ ಮಾತು ಐತಿ, ಆಮ್ಯಾಲೆ ಪೂರ್ತಿ ಹಾಡು ಒಂದ ಸಲ ತಣ್ಣಗ ಹಾಡ್ಯಾರ. ಕೇಳೋರು ಇಷ್ಟ ಇದು ಅಂತ ಅಂದ್ಕೊಳ್ಳೋತನ ಹಿಡಿಬೇಕು.

ಎರಡು, ಐಕ್‌ನ ದಪ್ಪ ಕೆಳದನಿ. ಅದನ್ನ ಬಿಟ್ರ ನಿಧಾನ ಭಾಗ ಬರೇ ಲಾಲಿ ಹಾಡು ಆಗತೈತಿ. ಆಕಿ ಸಾಲು ಮುಗಿಸಿದ ಕೂಡಲೆ ಆ ದನಿ ನೆರಳಿನಂಗ ಬರಬೇಕು, ಜೋರ್ ಅಲ್ಲ.

ಮೂರು, ತಿರುವು. ಮೆಲ್ಲಗ ವೇಗ ಹೆಚ್ಚಿಸಬ್ಯಾಡ್ರಿ. ನಿಧಾನದ್ದು ಪೂರಾ ನಿಲ್ಲಬೇಕು, ಡ್ರಮ್ಮಿನವ ಹೊಸಾ ಲಯ ಎಣಿಸಿ ಕೊಡಬೇಕು, ಕೊಂಬುವಾದ್ಯ ಒಮ್ಮಿಗೇ ಬೀಳಬೇಕು. ಹೊಸಾ ಲಯ ಹಳೇದರ ಹೆಚ್ಚುಕಮ್ಮಿ ಎರಡರಷ್ಟು. ನಡುವ ಜಾರಿದ್ರ ಹಾಡಿನ ಬೆನ್ನ ಮುರೀತದ.

ನಾಕು, ಬಾಸ್. ವೇಗದ ಭಾಗದಾಗ ಸ್ವರ ಜಾಸ್ತಿ ತುರುಕಬಾರದು. ಕೊಂಬಿನವರು ಮ್ಯಾಲೆ ಓಡಾಡ್ತಿರ್ತಾರ, ಕೆಳಗ ನೆಲ ಗಟ್ಟಿ ಇರಬೇಕು.

ಇನ್ನ ಕುಣಿತ. ಐಕೆಟ್ಸ್ ಅನ್ನೋ ಹಿನ್ನೆಲೆ ಹಾಡೋ ಹುಡುಗ್ಯಾರ ಕೂಡ ಆ ಹೆಜ್ಜಿ ಹಾಕ್ಕೊಂತ ಹಾಡಬೇಕಂದ್ರ ಉಸಿರು ಎಲ್ಲಿ ತಗೋಬೇಕು ಅನ್ನೋದು ಮೊದಲ ನಿಕ್ಕಿ ಆಗಿರಬೇಕು. ವಿಡಿಯೋ ನೋಡ್ರಿ, ಆಕಿ ಜೋರ್ ಕುಣಿಯೋದು ಸಾಲುಗಳ ನಡುವಿನ ಖಾಲಿ ಜಾಗದಾಗ.

ವೀಣಾಪುಸ್ತಕ:
ಬಸು ಅವರ ಕೊನೇ ಮಾತಿಗೆ ದನಿಯ ಬಗ್ಗೆ ಸ್ವಲ್ಪ ಸೇರಿಸ್ತೀನಿ. ಆ ಗೊರಗೊರ ಬೇಕು ಅಂತ ಕಲಿಯುವವರು ಗಂಟಲು ಬಿಗಿ ಹಿಡಿದು ತಳ್ತಾರೆ, ವಾರದೊಳಗೆ ದನಿ ಕಟ್ಟಿಹೋಗುತ್ತೆ. ಹಾಗೇ ಮುಂದುವರಿಸಿದರೆ ಸ್ವರತಂತುಗಳ ಮೇಲೆ ಗಂಟು ಏಳುತ್ತೆ. ಒರಟು ಸದ್ದು ಬರಬೇಕಾದ್ದು ಸ್ವರತಂತುಗಳ ಮೇಲ್ಗಡೆ ಇರುವ ಇನ್ನೊಂದು ಜೊತೆ ಮಡಿಕೆಗಳ ಕಂಪನದಿಂದ. ಕೆಳಗಿನ ತಂತುಗಳು ಶುದ್ಧ ಸ್ವರವನ್ನೇ ಹಿಡಿದಿರಬೇಕು. ಟೀನಾ ಎಷ್ಟೇ ಕಿರುಚಿದರೂ ಶ್ರುತಿ ಕದಲದಿರೋದನ್ನ ಗಮನಿಸಿ. ಚರ್ಚ್ ಹಾಡಿಕೆಯಿಂದ ಬಂದ ಇನ್ನೊಂದು ಗುಣ ಅಂದರೆ ಸಾಲಿನ ಮೊದಲ ಅಕ್ಷರವನ್ನ ಒರಟಾಗಿ ಹಿಡಿದು ಕೊನೆಯನ್ನ ತಿಳಿಯಾಗಿ ಬಿಡೋದು, ಅಥವಾ ಅದರ ಉಲ್ಟಾ. ಇಡೀ ಸಾಲನ್ನ ಒರಟಾಗಿ ಹಾಡೋದು ನಕಲು ಮಾಡುವವರು, ಅವಳಲ್ಲ.

ವಿಗ್ ಬಗ್ಗೆಯೂ ಕೇಳುವವರು ಇರ್ತಾರೆ. ಅರವತ್ತರ ದಶಕದ ಶುರುವಿನಲ್ಲಿ ಬ್ಲೀಚ್ ಮಾಡಿಸುವಾಗ ಕೂದಲು ಸುಟ್ಟುಹೋಯಿತು, ಶೋ ತಪ್ಪಿಸೋ ಹಾಗಿರಲಿಲ್ಲ. ಅಲ್ಲಿಂದ ವಿಗ್. ಅದನ್ನ ತಾನೇ ಹೊಲಿದು ತಿದ್ದಿಕೊಳ್ತಿದ್ದಳು.

ಓಕ್ಲಂಡ್_ಉಮಾ:
ಈಗ 1976. ಜುಲೈ ಮೊದಲ ವಾರ, ಡಲ್ಲಾಸ್. ಕಾರಿನಲ್ಲಿ ಹೊಡೆದಾಟ, ಹೋಟೆಲ್ ರೂಮಿನಲ್ಲಿ ಐಕ್ ನಿದ್ದೆಹೋದ ಮೇಲೆ ಹೆದ್ದಾರಿ ದಾಟಿ ಎದುರಿನ ರಮಾಡಾ ಇನ್‌ಗೆ ಓಡಿದಳು. ಕೈಯಲ್ಲಿದ್ದದ್ದು 36 ಸೆಂಟ್ ಮತ್ತು ಒಂದು ಮೊಬಿಲ್ ಪೆಟ್ರೋಲ್ ಕಾರ್ಡ್. ಇದು ಎಲ್ಲರೂ ಹೇಳುವ ಭಾಗ. ಯಾರೂ ಬಿಡಿಸಿ ಹೇಳದ ಭಾಗ ಆಮೇಲಿನ ಲೆಕ್ಕ.

ವಿಚ್ಛೇದನದ ಅರ್ಜಿ ಅದೇ ತಿಂಗಳ ಕೊನೆಯಲ್ಲಿ, ತೀರ್ಮಾನ 1978ರ ಮಾರ್ಚ್‌ನಲ್ಲಿ. ಬೋಲಿಕ್ ಸೌಂಡ್ ಸ್ಟುಡಿಯೋ, ಪ್ರಕಾಶನದ ಹಕ್ಕು ಎಲ್ಲಾ ಐಕ್ ಪಾಲು. ಇವಳಿಗೆ ತಾನು ಬರೆದ ಹಾಡುಗಳ ರಾಯಲ್ಟಿ, ಎರಡು ಜಾಗ್ವಾರ್ ಕಾರು, ಮತ್ತು "ಟೀನಾ ಟರ್ನರ್" ಅನ್ನೋ ಹೆಸರು. ವೀಣಾಪುಸ್ತಕ ಮೇಡಂ ಮೇಲೆ ಹೇಳಿದ ಆ ಟ್ರೇಡ್‌ಮಾರ್ಕ್ ಇದೇ. ಹೆಸರು ಬಿಟ್ಟಿದ್ದರೆ 16 ವರ್ಷ ಕಟ್ಟಿದ ಗುರುತು ಸೊನ್ನೆ ಆಗ್ತಿತ್ತು. ಮೇಲಿಂದ ಸಾಲ: ನಡುವೆ ನಿಂತ ಪ್ರವಾಸದ ಆಯೋಜಕರು ಇಬ್ಬರ ಮೇಲೂ ದಾವೆ ಹಾಕಿದರು. ಅದಕ್ಕೇ ಆ ವರ್ಷಗಳಲ್ಲಿ ಅವಳು ಲಾಸ್ ವೇಗಸ್ ಕ್ಯಾಬರೆ, ಟಿವಿ ಗೇಮ್ ಶೋ, ಹೋಟೆಲ್ ಬಾಲ್‌ರೂಮ್ ಎಲ್ಲಾ ಮಾಡಿದ್ದು. 1978ರ "ರಫ್", 1979ರ "ಲವ್ ಎಕ್ಸ್‌ಪ್ಲೋಷನ್" ಎರಡೂ ಓಡಲಿಲ್ಲ. ಡಿಸ್ಕೋ ಬಟ್ಟೆ ಅವಳಿಗೆ ಹೊಂದಲೇ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ತಿರುವು ಆಸ್ಟ್ರೇಲಿಯದ ಮ್ಯಾನೇಜರ್ ರೋಜರ್ ಡೇವಿಸ್. ಅವನು ಮಾಡಿದ ಮೊದಲ ಕೆಲಸ ಸೂಟು–ಬೋ ಹಾಕಿದ ತಂಡವನ್ನ ತೆಗೆದು ಸಣ್ಣ ರಾಕ್ ಬ್ಯಾಂಡ್ ಇಟ್ಟದ್ದು. ನ್ಯೂಯಾರ್ಕಿನ ರಿಟ್ಜ್ ಕ್ಲಬ್‌ನಲ್ಲಿ ಶೋಗಳು. 1983ರ ಜನವರಿಯಲ್ಲಿ ಡೇವಿಡ್ ಬೋವಿ ರೆಕಾರ್ಡ್ ಕಂಪನಿಯವರಿಗೆ, ನನ್ನ ಇಷ್ಟದ ಗಾಯಕಿಯನ್ನ ನೋಡೋಕೆ ಹೋಗ್ತಿದೀನಿ ಅಂದ. ಅವರೂ ಹಿಂದೆಯೇ ರಿಟ್ಜ್‌ಗೆ ಬಂದರು.

ಹಳೇತಟ್ಟೆ:
ಅದಕ್ಕೆ ಮುಂಚೆ ಒಂದು ಕೊಂಡಿ ಇದೆ. 1982ರಲ್ಲಿ ಮಾರ್ಟಿನ್ ವೇರ್ ಮತ್ತು ಇಯಾನ್ ಕ್ರೇಗ್ ಮಾರ್ಷ್ ತಮ್ಮ ಬಿ.ಇ.ಎಫ್. (ಬ್ರಿಟಿಷ್ ಎಲೆಕ್ಟ್ರಿಕ್ ಫೌಂಡೇಷನ್) ಆಲ್ಬಮ್‌ಗೆ ಟೀನಾಳಿಂದ "ಬಾಲ್ ಆಫ್ ಕನ್ಫ್ಯೂಷನ್" ಹಾಡಿಸಿದರು. ಸ್ಟುಡಿಯೋಗೆ ಬಂದವಳು ಬ್ಯಾಂಡ್ ಎಲ್ಲಿ ಅಂತ ಕೇಳಿದಳಂತೆ. ತೋರಿಸಿದ್ದು ಒಂದು ಫೇರ್‌ಲೈಟ್ ಕಂಪ್ಯೂಟರ್ ಸಿಂಥಸೈಜರ್! ಅದೇ ವೇರ್ 1983ರಲ್ಲಿ ಗ್ರೆಗ್ ವಾಲ್ಷ್ ಜೊತೆ ಆಲ್ ಗ್ರೀನ್‌ನ "ಲೆಟ್ಸ್ ಸ್ಟೇ ಟುಗೆದರ್" ಮಾಡಿಸಿದ. ಬ್ರಿಟನ್‌ನಲ್ಲಿ 6ನೇ ಸ್ಥಾನ. ಕ್ಯಾಪಿಟಲ್ ಕಂಪನಿಗೆ ತಟ್ಟನೆ ಆಲ್ಬಮ್ ಬೇಕಾಯಿತು.

"ಪ್ರೈವೇಟ್ ಡ್ಯಾನ್ಸರ್" (ಮೇ 1984) ಬಹುಪಾಲು ಲಂಡನ್‌ನಲ್ಲಿ ಎರಡು ವಾರದ ಆಸುಪಾಸಿನಲ್ಲಿ ಮುಗಿದದ್ದು. ನಿರ್ಮಾಪಕರು ಹಲವರು, ಹಾಗಾಗಿ ಹಾಡಿನಿಂದ ಹಾಡಿಗೆ ಸದ್ದು ಬೇರೆ. ರೂಪರ್ಟ್ ಹೈನ್ ಮಾಡಿದ "ಬೆಟರ್ ಬಿ ಗುಡ್ ಟು ಮಿ" ಒರಟು ರಾಕ್. ಶೀರ್ಷಿಕೆ ಗೀತೆ ಮಾರ್ಕ್ ನಾಫ್ಲರ್‌ದು, ಡೈರ್ ಸ್ಟ್ರೇಟ್ಸ್‌ನ "ಲವ್ ಓವರ್ ಗೋಲ್ಡ್" ಹೊತ್ತಿಗೆ ಬರೆದು, ಗಂಡಸು ಹಾಡೋದು ಸರಿಹೋಗಲ್ಲ ಅಂತ ಪಕ್ಕಕ್ಕಿಟ್ಟದ್ದು. ಡೈರ್ ಸ್ಟ್ರೇಟ್ಸ್‌ನ ಉಳಿದವರು ಬಾರಿಸಿದರು, ಗಿಟಾರ್ ಸೋಲೋ ಜೆಫ್ ಬೆಕ್.

"ವಾಟ್ಸ್ ಲವ್" ಟೆರಿ ಬ್ರಿಟನ್ ಮತ್ತು ಗ್ರಹಾಂ ಲೈಲ್ ಬರೆದದ್ದು. ಬಕ್ಸ್ ಫಿಜ್ ತಂಡ ಆಗಲೇ ರೆಕಾರ್ಡ್ ಮಾಡಿಟ್ಟಿತ್ತು. ಟೀನಾಗೆ ಮೊದಲು ಹಿಡಿಸಲೇ ಇಲ್ಲ, ತೀರ ನಾಜೂಕು ಅನ್ನಿಸಿತು. ತನ್ನ ದನಿಗೆ ಹೊಂದುವ ಹಾಗೆ ಒರಟು ಮಾಡಿಸಿಕೊಂಡಳು. ಕೇಳುವಾಗ ಗಮನಿಸಿ: ಅವಳು ಅಬ್ಬರಿಸೋದೇ ಇಲ್ಲ. ಚರಣ ಹೆಚ್ಚುಕಮ್ಮಿ ಮಾತಿನ ಎತ್ತರದಲ್ಲೇ ಇದೆ, ಒರಟು ಬರೋದು ಸಾಲಿನ ತುದಿಯಲ್ಲಿ ಮಾತ್ರ. ನಡುವೆ ಹಾರ್ಮೋನಿಕಾ ಅಂತ ಕೇಳಿಸೋದು ಹಾರ್ಮೋನಿಕಾ ಅಲ್ಲ, ಯಮಾಹಾ ಡಿಎಕ್ಸ್7 ಕೀಬೋರ್ಡ್. 1984ರ ಸೆಪ್ಟೆಂಬರ್ 1ರ ಪಟ್ಟಿಯಲ್ಲಿ ನಂಬರ್ 1, ಮೂರು ವಾರ. ಆಗ ಅವಳಿಗೆ 44.

ಶಿವಮೊಗ್ಗ_ಸುಬ್ಬು:
ಇಲ್ಲಿ ನಾನು ಪೂರ್ತಿ ಉಮಾ ಅವರ ಪಕ್ಷ. ಗ್ರ್ಯಾಮಿ ಲೆಕ್ಕ ನೋಡಿ: ಮಹಿಳಾ ರಾಕ್ ಗಾಯನಕ್ಕೆ 1985, 1986, 1987 ಸತತ ಮೂರು ವರ್ಷ, ಮತ್ತೆ 1989ರಲ್ಲಿ. "ಸೋಲ್ ಗಾಯಕಿಯಾ, ರಾಕ್ ಗಾಯಕಿಯಾ" ಅನ್ನೋದಕ್ಕೆ ಇದಕ್ಕಿಂತ ಏನು ಬೇಕು? ಹಾಡಿಕೆ ಚರ್ಚಿನದ್ದು, ಲಯ ಆರ್ ಅಂಡ್ ಬಿದು, ಜಾಗ ರಾಕ್ ವೇದಿಕೆ. 1988ರ ಜನವರಿಯಲ್ಲಿ ರಿಯೋದ ಮರಕಾನಾದಲ್ಲಿ ಸುಮಾರು 1.8 ಲಕ್ಷ ಜನ ಟಿಕೆಟ್ ಕೊಟ್ಟು ಬಂದರು.

"ದಿ ಬೆಸ್ಟ್" ಬಗ್ಗೆ ಒಂದು ಸಣ್ಣದು. ಅದು ಮೊದಲು 1988ರಲ್ಲಿ ಬಾನಿ ಟೈಲರ್ ಹಾಡಿದ್ದು. ಟೀನಾ ಒಪ್ಪುವ ಮುಂಚೆ ಬರೆದವರಿಗೆ ಹೇಳಿ ನಡುವೆ ಹೊಸ ಭಾಗ ಮತ್ತು ಶ್ರುತಿ ಏರಿಕೆ ಸೇರಿಸಿಸಿದಳು. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ, ಹಾಡು ಮೇಲೇಳೋದು ಆ ಏರಿಕೆಯಿಂದ. ಸ್ಯಾಕ್ಸೋಫೋನ್ ಎಡ್ಗರ್ ವಿಂಟರ್.

ಕಡಲತೀರ:
ಭಾರತದ ನಂಟು ಯಾರೂ ಹೇಳಲಿಲ್ಲ. 1973ರ ಹೊತ್ತಿಗೆ, ಇನ್ನೂ ಐಕ್ ಮನೆಯಲ್ಲಿದ್ದಾಗಲೇ, ನಿಚಿರೆನ್ ಬೌದ್ಧ ಪಂಥದ ಜಪ ಶುರು ಮಾಡಿದರು. ಅದರ ಆಧಾರ ನಮ್ಮ ಸದ್ಧರ್ಮಪುಂಡರೀಕ ಸೂತ್ರ. ಕೊನೆಗಾಲದಲ್ಲಿ ಸ್ವಿಟ್ಜರ್ಲೆಂಡಿನ "ಬಿಯಾಂಡ್" ತಂಡದ ಜೊತೆ "ಸರ್ವೇಷಾಂ ಸ್ವಸ್ತಿರ್ಭವತು" ಶಾಂತಿಮಂತ್ರ ಹಾಡಿದ್ದಾರೆ. ಉಚ್ಚಾರಣೆ ಅಲ್ಲಲ್ಲಿ ಎಡವುತ್ತದೆ, ಆದರೆ ಆ ಕೆಳಸ್ಥಾಯಿಯ ದನಿ ಕೇಳುವಂಥದ್ದು. ಇಸ್ಮಾಯಿಲ್ ಮರ್ಚೆಂಟ್ "ದಿ ಗಾಡೆಸ್" ಚಿತ್ರಕ್ಕೆ ಇವರನ್ನು ಶಕ್ತಿಯ ಪಾತ್ರಕ್ಕೆ ಒಪ್ಪಿಸಿ ತಯಾರಿಗೆಂದು ಭಾರತಕ್ಕೆ ಕರೆತಂದಿದ್ದರು. 2005ರ ಮೇನಲ್ಲಿ ಮರ್ಚೆಂಟ್ ತೀರಿಕೊಂಡರು, ಚಿತ್ರ ಆಗಲಿಲ್ಲ.

ಓಕ್ಲಂಡ್_ಉಮಾ:
ಬಿಪಿ ಇರುವವರು ಇದನ್ನೂ ಓದಿಕೊಳ್ಳಿ. ಅವರಿಗೆ ರಕ್ತದೊತ್ತಡ ಪತ್ತೆಯಾದದ್ದು 1978ರಲ್ಲೇ. 2013ರಲ್ಲಿ ಮದುವೆಯಾದ ಕೆಲವೇ ತಿಂಗಳಿಗೆ ಪಾರ್ಶ್ವವಾಯು. ಆಮೇಲೆ ಮಾತ್ರೆ ಬೇಡವೆಂದು ಹೋಮಿಯೋಪತಿಗೆ ತಿರುಗಿದರು. ಒತ್ತಡ ಹತೋಟಿ ತಪ್ಪಿ ಮೂತ್ರಪಿಂಡ ಕೆಟ್ಟಿತು. ಇದನ್ನ ಅವರೇ ಬಹಿರಂಗವಾಗಿ ಹೇಳಿ, ಯಾರೂ ಹೀಗೆ ಮಾಡಬೇಡಿ ಅಂತ ಎಚ್ಚರಿಸಿದರು. 2017ರ ಏಪ್ರಿಲ್‌ನಲ್ಲಿ ಗಂಡ ಎರ್ವಿನ್ ಬಾಖ್ ಒಂದು ಮೂತ್ರಪಿಂಡ ಕೊಟ್ಟರು. 24 ಮೇ 2023ರಂದು ಜ್ಯೂರಿಕ್ ಹತ್ತಿರದ ಕ್ಯುಸ್‌ನಾಖ್ಟ್‌ನಲ್ಲಿ ತೀರಿಕೊಂಡರು, 83 ವರ್ಷ.

ಹೊಸಕೇಳುಗ:
ಎಲ್ಲರಿಗೂ ವಂದನೆ. ಹಾಗಾದರೆ ಸ್ಯೂ ಕಾಲದ ಸಂಕಲನ, "ರಿವರ್ ಡೀಪ್" ಮೋನೋ, 1970ರ "ವರ್ಕಿನ್ ಟುಗೆದರ್", ಆಮೇಲೆ "ಪ್ರೈವೇಟ್ ಡ್ಯಾನ್ಸರ್". ಈ ಕ್ರಮ ಸರಿಯಾ? ಕೊನೆಯದರ ಎಲ್‌ಪಿ ಕೊಳ್ಳೋ ಯೋಚನೆ ಇದೆ.

ಹಳೇತಟ್ಟೆ:
ಕ್ರಮ ಸರಿ. "ವರ್ಕಿನ್ ಟುಗೆದರ್" ಆದಮೇಲೆ "ನಟ್‌ಬುಷ್" ಒಂದು ಸೇರಿಸಿಕೊಳ್ಳಿ. ಎಲ್‌ಪಿ ಕೊಳ್ಳುವ ಮುಂಚೆ ಹಿಂಬದಿಯ ಪಟ್ಟಿ ನೋಡಿ: 1984ರ ಅಮೆರಿಕದ ಮುದ್ರಣದಲ್ಲಿ ಒಂಬತ್ತೇ ಹಾಡು. ಕ್ರುಸೇಡರ್ಸ್ ಅನ್ನೋ ಜಾಝ್ ತಂಡದ ಜೊತೆ ನಿಧಾನವಾಗಿ ಹಾಡಿದ ಬೀಟಲ್ಸ್‌ನ "ಹೆಲ್ಪ್" ಇರೋದು ಬ್ರಿಟನ್ ಮುದ್ರಣದಲ್ಲಿ. ಅದನ್ನೇ ಕೇಳಿ ತರಿಸಿಕೊಳ್ಳಿ.